ಗೋದಿಯೂ ಹಣಜಿಯೂ: ಹಿಪ್ಪೋ ಪಟ್ಟಣದ ಅಗಸ್ತೀನನ ಚರಿತ್ರೆ

ನಮ್ಮ ಕರ್ತನು ಹೇಳಿದ ಸಾಮ್ಯಗಳಲ್ಲಿ ಬೇಸಾಯದಿಂದ ಜೀವಿಸುವವರ ಮನಸ್ಸಿಗೆ ಬೇಗನೆ ತಗಲುವಂಥದು ಮತ್ತಾಯನ ಸುವಾರ್ತೆಯ ೧೩ನೆಯ ಅಧ್ಯಾಯದಲ್ಲಿರುವ ಹಣಜಿಯ ಸಾಮ್ಯವೇ. ಯಜಮಾನನೊಬ್ಬನು ತನ್ನ ಹೊಲದಲ್ಲಿ ಶುದ್ಧವಾದ ಬೀಜವನ್ನು ಹಾಕಿಸಿದ್ದನು. ಹಗೆಯವನು ರಾತ್ರಿಯಲ್ಲಿ ಅದೇ ಹೊಲದೊಳಗೆ ಕಳೆಯ ಬೀಜವನ್ನು ಚೆಲ್ಲಿಬಿಟ್ಟನು. ಆಳುಗಳು ಕಳೆ ಕೀಳುವದಕ್ಕೆ ಅಪ್ಪಣೆ ಬೇಡಿದಾಗ ಯಜಮಾನನು ಸುಗ್ಗಿಯ ದಿನಕ್ಕಾಗಿ ಕಾದಿರಬೇಕೆಂದು ಅವರನ್ನು ತಡೆದನು. ಹಣಜಿಯೆಂಬ ಹುಲ್ಲು ಎಳೆಯದಾಗಿರುವಾಗ ಗೋದಿಯ ಪೈರನ್ನೇ ಹೋಲುತ್ತದೆ. ತೆನೆ ಬಿಟ್ಟ ಮೇಲೆಯೇ ಭೇದವು ಚೆನ್ನಾಗಿ ತಿಳಿಯುತ್ತದೆ. ಅಷ್ಟರೊಳಗೆ ಎರಡರ ಬೇರುಗಳೂ ಮಣ್ಣಿನಲ್ಲಿ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅದರ ಕಾಳು ಹಿಟ್ಟಿನಲ್ಲಿ ಬೆರೆತರೆ ತಿಂದವರಿಗೆ ತಲೆ ತಿರುಗುವದು. ಬತ್ತದ ಗದ್ದೆಯಲ್ಲಿ ಕಳೆ ಕಿತ್ತವರಿಗೂ ಇಂಥ ಮೋಸದ ಹುಲ್ಲಿನ ಪರಿಚಯವಿದ್ದೇ ಇದೆ.

ಈ ಸಾಮ್ಯವು ಎರಡು ಪ್ರಶ್ನೆಗಳನ್ನು ನಮ್ಮ ಮುಂದೆ ಇಡುತ್ತದೆ. ದೇವರು ಒಳ್ಳೇದನ್ನು ಮಾತ್ರ ಬಿತ್ತಿದ ಹೊಲದಲ್ಲಿ ಕೆಟ್ಟದ್ದು ಎಲ್ಲಿಂದ ಬಂತು? ಬಂದ ಮೇಲೆ ಅದಕ್ಕೆ ನಾವು ಏನು ಮಾಡಬೇಕು? ಈ ಪ್ರಶ್ನೆಗಳೊಂದಿಗೆ ಬಹುಕಾಲ ಹೋರಾಡಿದವನು ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದಲ್ಲಿ ಸಭಾಧ್ಯಕ್ಷನಾಗಿದ್ದ ಅಗಸ್ತೀನನು. ಅಪೊಸ್ತಲರ ಕಾಲದ ತರುವಾಯ ಪಶ್ಚಿಮದ ಕ್ರೈಸ್ತ ಸಭೆಗೆ ಅವನಷ್ಟು ಆಳವಾಗಿ ಬೋಧಿಸಿದವರು ವಿರಳ. ಅವನ ಜೀವಿತದಲ್ಲಿ ಗೋದಿಯು ಹೇಗೆ ಬೆಳೆಯಿತು, ಹಣಜಿಯು ಹೇಗೆ ಬೆಳೆಯಿತು ಎಂಬದನ್ನು ನೋಡುವದು ನಮ್ಮ ಸಭೆಗಳಿಗೆ ಪ್ರಯೋಜನಕರವೆಂದೆಣಿಸಿ ಅವನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಅಗಸ್ತೀನನು ಕ್ರಿ. ಶ. ೩೫೪ನೆಯ ನವೆಂಬರ್ ೧೩ರಂದು ತಗಾಸ್ತೆ ಎಂಬ ಚಿಕ್ಕ ಊರಲ್ಲಿ ಹುಟ್ಟಿದನು. ಆ ಊರು ಈಗ ಅಲ್ಜೀರಿಯ ದೇಶದಲ್ಲಿ ಸೂಕ್ ಅಹ್ರಾಸ್ ಎಂದು ಕರೆಯಲ್ಪಡುತ್ತದೆ. ತಂದೆಯಾದ ಪತ್ರಿಕಿಯನು ಊರಿನ ಆಡಳಿತಸಭೆಯವನು, ಸಾಧಾರಣವಾದ ಆಸ್ತಿಯುಳ್ಳವನು. ತನ್ನ ಆಯುಷ್ಯದ ಕೊನೆಗಾಲದ ವರೆಗೂ ಕ್ರೈಸ್ತನಾಗಿರಲಿಲ್ಲ. ತಾಯಿಯಾದ ಮೋನಿಕಳು ಭಕ್ತಿಯುಳ್ಳ ಕ್ರೈಸ್ತಳು. ಹೀಗೆ ಆ ಮನೆಯಲ್ಲಿಯೇ ಎರಡು ಬಗೆಯ ಬಿತ್ತನೆ ನಡೆಯಿತು. ಮಗನು ಬುದ್ಧಿವಂತನಾಗಿದ್ದದರಿಂದ ತಂದೆಯು ಅವನನ್ನು ದೊಡ್ಡ ವಾಗ್ಮಿಯನ್ನಾಗಿ ಮಾಡಬೇಕೆಂದು ಶಕ್ತಿಮೀರಿ ಹಣವನ್ನು ವೆಚ್ಚಮಾಡಿದನು. ತಾಯಿಯು ಅವನ ಆತ್ಮಕ್ಕಾಗಿ ಪ್ರಾರ್ಥಿಸಿದಳು.

ಹದಿನಾರನೆಯ ವಯಸ್ಸಿನಲ್ಲಿ, ಓದಿಗೆ ಹಣವು ಸಾಲದೆ ಮನೆಯಲ್ಲಿದ್ದ ಕಾಲದಲ್ಲಿ, ಅವನು ಕೆಲವು ಹುಡುಗರೊಡನೆ ಕೂಡಿ ನೆರೆಯ ಮರದ ಹಣ್ಣುಗಳನ್ನು ರಾತ್ರಿಯಲ್ಲಿ ಕದ್ದನು. ಅದು ಪೇರೆಂಬ ಜಾತಿಯ ಹಣ್ಣು. ಅವರಿಗೆ ಹಸಿವಿರಲಿಲ್ಲ, ಮನೆಯಲ್ಲಿ ಅದಕ್ಕಿಂತ ಒಳ್ಳೇ ಹಣ್ಣು ಇದ್ದವು, ಕದ್ದದ್ದರಲ್ಲಿ ಹೆಚ್ಚು ಪಾಲನ್ನು ಹಂದಿಗಳಿಗೆ ಎಸೆದುಬಿಟ್ಟರು. ಇಂಥ ಹುಡುಗಾಟವನ್ನು ಹೆಚ್ಚು ಜನರು ಮರೆತೇಬಿಡುವರು. ಅಗಸ್ತೀನನಾದರೋ ನಾಲ್ವತ್ತು ವರುಷ ದಾಟಿ ಸಭಾಧ್ಯಕ್ಷನಾದ ಮೇಲೆ, ಅರಿಕೆಗಳು ಎಂಬ ತನ್ನ ಗ್ರಂಥದಲ್ಲಿ ಈ ಕಳ್ಳತನವನ್ನು ಬಹಳವಾಗಿ ಪರೀಕ್ಷಿಸಿದನು. ಅವನನ್ನು ಕಾಡಿದ್ದು ಹಣ್ಣಿನ ಬೆಲೆಯಲ್ಲ. ಯಾವ ಲಾಭವೂ ಇಲ್ಲದಿದ್ದಾಗ ಕೆಟ್ಟತನವನ್ನು ಕೆಟ್ಟತನಕ್ಕಾಗಿಯೇ ತಾನು ಪ್ರೀತಿಸಿದೆನಲ್ಲಾ ಎಂಬದೇ ಅವನಿಗೆ ಭಯಂಕರವಾಗಿ ತೋರಿತು.

ಮುಂದೆ ಅವನು ಕಾರ್ಥೇಜ್ ಎಂಬ ಮಹಾಪಟ್ಟಣಕ್ಕೆ ಓದಲು ಹೋದನು. ಅಲ್ಲಿ ಒಬ್ಬ ಸ್ತ್ರೀಯನ್ನು ವಿವಾಹವಿಲ್ಲದೆ ಇಟ್ಟುಕೊಂಡು ಅವಳಿಂದ ಅದೆಯೊದಾತನೆಂಬ ಮಗನನ್ನು ಪಡೆದನು. ಹತ್ತೊಂಭತ್ತನೆಯ ವಯಸ್ಸಿನಲ್ಲಿ ರೋಮಿನ ಪಂಡಿತನಾದ ಸಿಸೆರೋ ಎಂಬವನ ಗ್ರಂಥವನ್ನು ಓದಿದಾಗ ಸತ್ಯವನ್ನು ಹುಡುಕಬೇಕೆಂಬ ಆಶೆಯು ಅವನಲ್ಲಿ ಹೊತ್ತಿಕೊಂಡಿತು. ಆದರೆ ಆ ಆಶೆಯು ಅವನನ್ನು ಮೊದಲು ಒಯ್ದದ್ದು ಮಾನೀ ಎಂಬವನ ಮತದವರ ಬಳಿಗೆ. ಮೂರನೆಯ ಶತಮಾನದಲ್ಲಿ ಪಾರಸಿಯರ ಸೀಮೆಯಲ್ಲಿ ಬೋಧಿಸಿದ ಈ ಮಾನಿಯು, ಬೆಳಕು ಕತ್ತಲೆಗಳೆಂಬ ಎರಡು ಅನಾದಿ ಶಕ್ತಿಗಳಿವೆ, ಲೋಕವು ಅವೆರಡರ ಬೆರಕೆ ಎಂದು ಕಲಿಸಿದ್ದನು. ಈ ಬೋಧನೆಯು ಯೌವನಸ್ಥನಿಗೆ ಹಿತವಾಗಿ ತೋರಿತು. ಯಾಕಂದರೆ ಅದರ ಪ್ರಕಾರ ಪಾಪಮಾಡುವವನು ತಾನಲ್ಲ, ತನ್ನೊಳಗೆ ಸೇರಿರುವ ಕತ್ತಲೆಯೇ. ಸುಮಾರು ಒಂಭತ್ತು ವರುಷ ಅವನು ಆ ಪಂಗಡಕ್ಕೆ ಕಿವಿಗೊಟ್ಟನು; ತನ್ನ ಸ್ನೇಹಿತರನ್ನೂ ಅದಕ್ಕೆ ಎಳೆದನು.

ಆ ಕಾಲದಲ್ಲಿ ಮೋನಿಕಳು ಒಬ್ಬ ಸಭಾಧ್ಯಕ್ಷನ ಬಳಿಗೆ ಹೋಗಿ ತನ್ನ ಮಗನ ಸಂಗಡ ವಾದಿಸಬೇಕೆಂದು ಬೇಡಿಕೊಂಡಳು. ಆ ಮನುಷ್ಯನು ಬಾಲ್ಯದಲ್ಲಿ ಅದೇ ಮಾನಿಯ ಮತದವರ ನಡುವೆ ಬೆಳೆದು, ಅವರ ಗ್ರಂಥಗಳನ್ನು ಓದಿ, ತಾನಾಗಿಯೇ ಅದನ್ನು ಬಿಟ್ಟುಬಂದವನು. ಹುಡುಗನು ಈಗ ಕಲಿಯುವ ಸ್ಥಿತಿಯಲ್ಲಿಲ್ಲ, ಅವನನ್ನು ಬಿಟ್ಟುಬಿಡು, ಪ್ರಾರ್ಥಿಸುತ್ತಿರು ಎಂಬದೇ ಅವನ ಸಲಹೆಯ ಸಾರ. ಆಕೆ ಅಳುತ್ತಾ ಒತ್ತಾಯಪಡಿಸಲು, ಇಷ್ಟು ಕಣ್ಣೀರಿನ ಮಗನು ನಾಶವಾಗಲಾರನೆಂದು ಧೈರ್ಯ ಹೇಳಿ ಕಳುಹಿಸಿದನು. ಈ ಸಭಾಧ್ಯಕ್ಷನ ಹೆಸರು ಅಗಸ್ತೀನನ ಗ್ರಂಥದಲ್ಲಿಲ್ಲ. ಆದರೂ ಸುಗ್ಗಿಯ ವರೆಗೆ ಕಾಯುವದೆಂದರೇನೆಂದು ಅವನು ಬಲ್ಲವನಾಗಿದ್ದನು. ಮುಂದೆ ಇಡೀ ಸಭೆಗೆ ಆಹಾರವಾಗಬೇಕಾಗಿದ್ದ ಗೋದಿಯು ಆಗ ಎಲ್ಲರ ಕಣ್ಣಿಗೂ ಹಣಜಿಯಾಗಿಯೇ ಕಾಣುತ್ತಿತ್ತಲ್ಲವೇ.

೩೮೪ರಲ್ಲಿ ಅಗಸ್ತೀನನು ಇತಾಲ್ಯದ ಮಿಲಾನ್ ಪಟ್ಟಣದಲ್ಲಿ ವಾಕ್ಚಾತುರ್ಯದ ಉಪಾಧ್ಯಾಯನಾಗಿ ನೇಮಿಸಲ್ಪಟ್ಟನು. ಮಾನಿಯ ಮತದ ಮೇಲಿನ ನಂಬಿಕೆಯು ಅಷ್ಟರಲ್ಲಿ ಸಡಿಲವಾಗಿತ್ತು. ಅಲ್ಲಿನ ಸಭಾಧ್ಯಕ್ಷನಾದ ಅಂಬ್ರೋಸನ ಪ್ರಸಂಗಗಳನ್ನು ಮೊದಲು ಮಾತಿನ ಸೊಗಸಿಗಾಗಿ ಕೇಳಿದನು. ಬರಬರುತ್ತಾ ಅದರ ಅರ್ಥವೂ ಅವನ ಹೃದಯದೊಳಗೆ ಇಳಿಯಿತು. ಆದರೆ ಒಳ್ಳೇದು ಬೆಳೆಯುತ್ತಿದ್ದ ಅದೇ ದಿನಗಳಲ್ಲಿ ಮತ್ತೊಂದು ಕಾರ್ಯವೂ ನಡೆಯಿತು. ತಾಯಿಯು ಅವನಿಗೆ ತಕ್ಕ ಮನೆತನದಿಂದ ಹೆಣ್ಣನ್ನು ಗೊತ್ತುಮಾಡುವದರಲ್ಲಿ ಶ್ರಮಪಟ್ಟಳು. ಅದಕ್ಕೆ ಅಡ್ಡಿಯೆಂದು, ಬಹು ವರುಷ ಅವನಿಗೆ ನಂಬಿಗಸ್ತಳಾಗಿದ್ದ ಆ ಸ್ತ್ರೀಯು ಮಗನನ್ನು ಬಿಟ್ಟು ಆಫ್ರಿಕಕ್ಕೆ ಹಿಂದಿರುಗಬೇಕಾಯಿತು. ಆಕೆ ಬೇರೆ ಗಂಡಸನ್ನು ಅರಿಯೆನೆಂದು ಹರಕೆ ಮಾಡಿ ಹೊರಟುಹೋದಳು. ಅಗಸ್ತೀನನೋ ಹೃದಯವು ಗಾಯಗೊಂಡವನಾದರೂ, ಗೊತ್ತುಮಾಡಿದ ಹುಡುಗಿಯು ಪ್ರಾಯಕ್ಕೆ ಬರುವ ತನಕ ಕಾಯಲಾರದೆ ಇನ್ನೊಬ್ಬಳನ್ನು ಸೇರಿಸಿಕೊಂಡನು. ಭಕ್ತೆಯಾದ ತಾಯಿಯ ಪ್ರೀತಿಯಿಂದಲೂ ಮತ್ತೊಬ್ಬ ತಾಯಿಗೆ ಅನ್ಯಾಯವಾದದ್ದನ್ನು ನಾವು ಮರೆಮಾಡಲಾರೆವು.

೩೮೬ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಅವನ ಹೋರಾಟವು ಕೊನೆಗಂಡಿತು. ಪಾಪವನ್ನು ಬಿಡಬೇಕೆಂಬ ಮನಸ್ಸೂ ಬಿಡಲಾರೆನೆಂಬ ಮನಸ್ಸೂ ಎರಡೂ ತನ್ನದೇ ಎಂದು ಅವನು ಆಗ ಸ್ಪಷ್ಟವಾಗಿ ಕಂಡನು. ಅಂಜೂರದ ಮರದ ಕೆಳಗೆ ಬಿದ್ದು ಅಳುತ್ತಿರುವಾಗ, ತೆಗೆದುಕೊಂಡು ಓದೆಂದು ಹಾಡಿನಂತೆ ಹೇಳುತ್ತಿದ್ದ ಮಗುವಿನ ಸ್ವರವು ನೆರೆಮನೆಯ ಕಡೆಯಿಂದ ಕೇಳಿಸಿತು. ಅಪೊಸ್ತಲನಾದ ಪೌಲನ ಪತ್ರಿಕೆಗಳನ್ನು ತೆರೆದಾಗ, ದುರಾಶೆಗಳನ್ನು ತೊರೆದು ಕ್ರಿಸ್ತನನ್ನು ಧರಿಸಿಕೊಳ್ಳಬೇಕೆಂಬ ರೋಮಾಪುರದವರ ಪತ್ರಿಕೆಯ ಬುದ್ಧಿವಾದವು ಕಣ್ಣಿಗೆ ಬಿತ್ತು. ೩೮೭ರ ಪಸ್ಕಹಬ್ಬದಲ್ಲಿ ಅವನೂ ಮಗನೂ ಸ್ನೇಹಿತನಾದ ಅಲಿಪಿಯನೂ ಅಂಬ್ರೋಸನಿಂದ ದೀಕ್ಷಾಸ್ನಾನ ಹೊಂದಿದರು. ಅದೇ ವರುಷ, ಆಫ್ರಿಕಕ್ಕೆ ಹಿಂದಿರುಗುವ ಹಾದಿಯಲ್ಲಿ, ಓಸ್ತಿಯ ರೇವಿನಲ್ಲಿ ಮೋನಿಕಳು ತೀರಿಕೊಂಡಳು. ಕೆಲವು ವರುಷಗಳೊಳಗಾಗಿ ಮಗನೂ ಎಳೆಯ ಪ್ರಾಯದಲ್ಲಿ ಸತ್ತನು.

ಮೊದಲನೆಯ ಪ್ರಶ್ನೆಗೆ ಅವನು ಕಂಡುಕೊಂಡ ಉತ್ತರವು ಹೀಗಿತ್ತು. ಕೆಟ್ಟದ್ದು ದೇವರಿಗೆ ಎದುರಾಗಿ ನಿಂತ ಮತ್ತೊಂದು ದೇವರಲ್ಲ. ಅದಕ್ಕೆ ಸ್ವಂತವಾದ ಮೂಲವಸ್ತುವಿಲ್ಲ. ದೇವರು ಉಂಟುಮಾಡಿದ್ದೆಲ್ಲಾ ಒಳ್ಳೇದೇ. ಒಳ್ಳೇದು ಕೆಡುವದೇ ಕೆಟ್ಟದ್ದು. ಕಬ್ಬಿಣವಿಲ್ಲದೆ ತುಕ್ಕಿಲ್ಲ, ಮರವಿಲ್ಲದೆ ಗೆದ್ದಲಿನ ತೂತಿಲ್ಲ. ಹಾಗೆಯೇ ಒಳ್ಳೇದನ್ನು ಆಶ್ರಯಿಸದೆ ಕೆಟ್ಟದ್ದು ಒಂದು ದಿನವೂ ಇರಲಾರದು. ಮನುಷ್ಯನ ಚಿತ್ತವು ದೇವರನ್ನು ಬಿಟ್ಟು ತನ್ನ ಕಡೆಗೆ ತಿರುಗುವಾಗ ಕೇಡು ಹುಟ್ಟುತ್ತದೆ. ಈ ಬೋಧನೆಯಿಂದ ಪಾಪಿಗೆ ನೆವವಿಲ್ಲದೆ ಹೋಯಿತು. ಆದರೆ ನಿರೀಕ್ಷೆಯು ಉಂಟಾಯಿತು. ಕೆಟ್ಟವನಲ್ಲಿ ದೇವರು ಉಂಟುಮಾಡಿದ ಒಳ್ಳೇದು ಇನ್ನೂ ಉಳಿದಿರುವದಾದರೆ ಅವನು ಸ್ವಸ್ಥನಾಗುವದಕ್ಕೆ ಆಸ್ಪದವುಂಟು.

೩೯೧ರಲ್ಲಿ ಅಗಸ್ತೀನನು ಹಿಪ್ಪೋ ಎಂಬ ರೇವುಪಟ್ಟಣಕ್ಕೆ ಬಂದಾಗ ಅಲ್ಲಿನ ಸಭೆಯವರು ಅವನನ್ನು ಹಿಡಿದು ವೃದ್ಧನಾದ ಸಭಾಧ್ಯಕ್ಷ ವಲೇರಿಯನ ಮುಂದೆ ನಿಲ್ಲಿಸಿ ಬೋಧಕನನ್ನಾಗಿ ಮಾಡಿಸಿದರು. ನಾಲ್ಕೈದು ವರುಷಗಳಲ್ಲಿ ಅವನೇ ಸಭಾಧ್ಯಕ್ಷನಾದನು. ಆದರೆ ಆ ಪಟ್ಟಣದ ಕ್ರೈಸ್ತರು ಎರಡಾಗಿ ಒಡೆದಿದ್ದರು. ಒಡಕಿನ ಮೂಲವು ೩೦೩ರಲ್ಲಿ ಹುಟ್ಟಿದ ದಿಯೊಕ್ಲೇತಿಯನೆಂಬ ಚಕ್ರವರ್ತಿಯ ಹಿಂಸೆಯಲ್ಲಿತ್ತು. ಆಗ ಸತ್ಯವೇದದ ಪುಸ್ತಕಗಳನ್ನು ಸುಡುವದಕ್ಕೆ ಒಪ್ಪಿಸಬೇಕೆಂಬ ಆಜ್ಞೆಯಾಗಿ ಕೆಲವು ಬೋಧಕರು ಭಯದಿಂದ ಒಪ್ಪಿಸಿದ್ದರು. ಹಿಂಸೆಯು ತೀರಿದ ಮೇಲೆ ಕಾರ್ಥೇಜಿನಲ್ಲಿ ಕೈಕಿಲಿಯನನ್ನು ಸಭಾಧ್ಯಕ್ಷನನ್ನಾಗಿ ಅಭಿಷೇಕಿಸಿದವರಲ್ಲಿ ಇಂಥ ದ್ರೋಹಿಯೊಬ್ಬನಿದ್ದನೆಂದು ಅನೇಕರು ಅವನನ್ನು ಒಪ್ಪದೆ ಬೇರೆಯವನನ್ನು ನೇಮಿಸಿಕೊಂಡರು. ವಿಚಾರಣೆಯಲ್ಲಿ ಆ ಅಪವಾದವು ಸುಳ್ಳೆಂದು ತೀರ್ಪಾದರೂ ಒಡಕು ಮುಚ್ಚಲಿಲ್ಲ. ಬೇರೆಯಾದವರು ತಮ್ಮ ನಾಯಕನಾದ ದೊನಾತನ ಹೆಸರಿನಿಂದ ದೊನಾತಿಸ್ತರೆನಿಸಿಕೊಂಡರು. ತಮ್ಮದು ಮಾತ್ರವೇ ಕಳೆಯಿಲ್ಲದ ಶುದ್ಧ ಸಭೆಯೆಂದು ನಂಬಿ, ಇನ್ನೊಂದು ಪಕ್ಷದಿಂದ ಬಂದವರಿಗೆ ಎರಡನೆಯ ಸಾರಿ ದೀಕ್ಷಾಸ್ನಾನ ಕೊಡುತ್ತಿದ್ದರು.

ಹಿಪ್ಪೋ ಪಟ್ಟಣದಲ್ಲಿ ದೊನಾತಿಸ್ತರೇ ಹೆಚ್ಚು ಮಂದಿ. ಅಗಸ್ತೀನನು ಬರುವ ಮೊದಲು ಅವರ ಸಭಾಧ್ಯಕ್ಷನೊಬ್ಬನು ಇನ್ನೊಂದು ಸಭೆಯವರಿಗೆ ರೊಟ್ಟಿಯನ್ನು ಸುಟ್ಟುಕೊಡಕೂಡದೆಂದು ತನ್ನವರಿಗೆ ವಿಧಿಸಿದ್ದನು. ಗಂಡಹೆಂಡಿರು ಒಂದೇ ಮನೆಯಲ್ಲಿ ಬಾಳಿ ಕರ್ತನ ಭೋಜನಕ್ಕೆ ಬೇರೆಬೇರೆಯಾಗಿ ಹೋಗುತ್ತಿದ್ದರು. ತಂದೆಮಕ್ಕಳ ನಡುವೆಯೂ ಹೀಗೆಯೇ ಗೋಡೆಯೆದ್ದಿತ್ತು. ಅಗಸ್ತೀನನು ಮೊದಲು ಹಿಡಿದದ್ದು ಮಾತಿನ ಮಾರ್ಗವನ್ನೇ. ಓದುಬರಹ ತಿಳಿಯದವರೂ ಹಾಡುವಂತೆ ಅಕ್ಷರಮಾಲೆಯ ಕ್ರಮದಲ್ಲಿ ಒಂದು ಕೀರ್ತನೆಯನ್ನು ರಚಿಸಿದನು. ಒಳ್ಳೇ ಮೀನುಗಳೂ ಕೆಟ್ಟ ಮೀನುಗಳೂ ಒಂದೇ ಬಲೆಯಲ್ಲಿ ದಡಕ್ಕೆ ಬರುವ ಸಾಮ್ಯದಿಂದ ಅದು ಆರಂಭವಾಗುತ್ತದೆ. ಎದುರಾಳಿಗಳಿಗೆ ಪತ್ರಗಳನ್ನು ಬರೆದನು. ಬಹಿರಂಗವಾದ ಚರ್ಚೆಗೆ ಕರೆದನು.

ಹಣಜಿಯ ಸಾಮ್ಯವೇ ಈ ಚರ್ಚೆಯ ನಡುವಿಗೆ ಬಂತು. ಕರ್ತನು ಹೊಲವೆಂದದ್ದು ಲೋಕವನ್ನು, ಸಭೆಯನ್ನಲ್ಲ. ಆದಕಾರಣ ಲೋಕದಲ್ಲಿ ಕಳೆಯಿರಲಿ, ಸಭೆಯಲ್ಲಿ ಇರಕೂಡದು ಎಂಬದು ದೊನಾತಿಸ್ತರ ವಾದ. ಆ ವಾಕ್ಯದಲ್ಲಿ ಲೋಕವೆಂದರೆ ಲೋಕದಲ್ಲೆಲ್ಲಾ ಹರಡಿರುವ ಸಭೆಯೇ ಎಂಬದು ಅಗಸ್ತೀನನ ಉತ್ತರ. ಮುಖ್ಯವಾದದ್ದು ಅವನು ಕೊಟ್ಟ ಮತ್ತೊಂದು ಕಾರಣ. ನಮ್ಮ ಗದ್ದೆಯ ಕಳೆಯು ಎಂದೂ ಬತ್ತವಾಗದು. ದೇವರ ಹೊಲದಲ್ಲಾದರೋ ಇಂದಿನ ಹಣಜಿಯು ನಾಳೆ ಗೋದಿಯಾಗಬಹುದು. ಯಾರು ಯಾರಾಗುವರೆಂದು ಆಳುಗಳಿಗೆ ತಿಳಿಯದು. ಇದರಿಂದ ಸಭೆಯಲ್ಲಿ ಶಿಕ್ಷೆಯೇ ಬೇಡವೆಂದು ಅವನು ಹೇಳಲಿಲ್ಲ. ಅಪರಾಧವು ಎಲ್ಲರಿಗೂ ಸ್ಪಷ್ಟವಾಗಿದ್ದು ಒಳ್ಳೇ ಪೈರಿಗೆ ಅಪಾಯವಿಲ್ಲದಿರುವಲ್ಲಿ ತಿದ್ದದೆ ಸುಮ್ಮನಿರುವದು ಪ್ರೀತಿಯಲ್ಲ. ಎಷ್ಟು ಮಾತ್ರಕ್ಕೂ ಆ ಶಿಕ್ಷೆಯು ಗುಣಪಡಿಸುವದಕ್ಕಾಗಿಯೇ ಇರಬೇಕೆಂದು ಬೋಧಿಸಿದನು. ಎದುರು ಪಕ್ಷದಲ್ಲಿಯೂ ಗೋದಿಯಿರುವದನ್ನು ಅವನು ಬಲ್ಲವನಾಗಿದ್ದನು. ದೊನಾತಿಸ್ತನಾದ ತಿಕೋನಿಯನೆಂಬ ಪಂಡಿತನು ಸಭೆಯಲ್ಲಿ ಒಳ್ಳೆಯವರೂ ಕೆಟ್ಟವರೂ ಕೂಡಿರುವರೆಂದು ಬರೆದು ತನ್ನವರಿಂದಲೇ ಖಂಡಿಸಲ್ಪಟ್ಟಿದ್ದನು. ಸತ್ಯವೇದವನ್ನು ಅರ್ಥಮಾಡುವದಕ್ಕಾಗಿ ಆ ಪಂಡಿತನು ಬರೆದಿದ್ದ ನಿಯಮಗಳನ್ನು ಅಗಸ್ತೀನನು ತನ್ನ ಗ್ರಂಥದಲ್ಲಿ ಸೇರಿಸಿ ಗೌರವಿಸಿದನು.

ಆದರೆ ವರುಷಗಳು ಕಳೆದಂತೆ ಕಾಯುವದು ಕಷ್ಟವಾಯಿತು. ದೊನಾತಿಸ್ತರ ಕಡೆಯ ಸುತ್ತುಗುಂಪುಗಳು ದೊಣ್ಣೆಗಳನ್ನು ಹಿಡಿದು ಹಳ್ಳಿಗಳಲ್ಲಿ ತಿರುಗಿ ಬೋಧಕರನ್ನು ಹೊಡೆದವು. ಕೆಲವರ ಕಣ್ಣುಗಳಿಗೆ ಸುಣ್ಣವನ್ನೂ ಹುಳಿರಸವನ್ನೂ ಸುರಿದು ಕುರುಡುಮಾಡಿದವು. ಅಗಸ್ತೀನನಿಗಾಗಿಯೂ ಒಂದು ಗುಂಪು ಹಾದಿಯಲ್ಲಿ ಹೊಂಚುಹಾಕಿತ್ತು. ದಾರಿ ತೋರಿಸುವವನು ತಪ್ಪುದಾರಿ ಹಿಡಿದದರಿಂದಲೇ ಅವನು ಬದುಕಿದನು. ೪೦೫ರಲ್ಲಿ ಚಕ್ರವರ್ತಿಯಾದ ಹೊನೋರಿಯನು ದೊನಾತಿಸ್ತರ ವಿರುದ್ಧ ಕಠಿಣವಾದ ಆಜ್ಞೆಯನ್ನು ಹೊರಡಿಸಿದನು. ಮೊದಲು ಅಗಸ್ತೀನನು ಯಾರನ್ನೂ ಬಲಾತ್ಕಾರದಿಂದ ಸಭೆಗೆ ಸೇರಿಸಕೂಡದೆಂಬ ಅಭಿಪ್ರಾಯವುಳ್ಳವನಾಗಿದ್ದನು. ರಾಜಾಜ್ಞೆಯ ಭಯದಿಂದ ಊರುಗಳಿಗೆ ಊರುಗಳೇ, ತನ್ನ ಹುಟ್ಟೂರು ಸಹ, ಒಂದಾದದ್ದನ್ನು ನೋಡಿ ತನ್ನ ಮನಸ್ಸು ಬದಲಾಯಿತೆಂದು ೪೦೮ರಲ್ಲಿ ಒಂದು ಪತ್ರದಲ್ಲಿ ಬರೆದನು. ಔತಣದ ಸಾಮ್ಯದಲ್ಲಿ ಯಜಮಾನನು ಹಾದಿಯಲ್ಲಿರುವವರನ್ನು ಬಲವಂತಮಾಡಿ ಕರತರುವಂತೆ ಆಳಿಗೆ ಹೇಳಿದ ಮಾತನ್ನು ಇದಕ್ಕೆ ಆಧಾರವಾಗಿ ತೋರಿಸಿದನು.

೪೧೧ರ ಜೂನ್ ತಿಂಗಳಲ್ಲಿ ಕಾರ್ಥೇಜಿನಲ್ಲಿ ಎರಡು ಪಕ್ಷಗಳ ಮಹಾಚರ್ಚೆಯು ನಡೆಯಿತು. ಒಂದೊಂದು ಪಕ್ಷದಿಂದ ೨೮೦ಕ್ಕೆ ಹೆಚ್ಚು ಸಭಾಧ್ಯಕ್ಷರು ಬಂದಿದ್ದರು. ತಾವು ಸೋತರೆ ತಮ್ಮ ಪೀಠಗಳನ್ನು ಬಿಡುವೆವು, ಗೆದ್ದರೆ ಎದುರಾಳಿಗಳೊಡನೆ ಹಂಚಿಕೊಳ್ಳುವೆವು ಎಂದು ಅಗಸ್ತೀನನ ಪಕ್ಷದವರು ಮುಂಚಿತವಾಗಿ ಬರೆದುಕೊಟ್ಟದ್ದು ನಿಜವಾಗಿ ಒಳ್ಳೇ ಗೋದಿಯೇ. ಆದರೆ ತೀರ್ಪು ಕೊಡುವವನು ಚಕ್ರವರ್ತಿಯ ಅಧಿಕಾರಿಯಾದ ಮಾರ್ಕೆಲ್ಲಿನನು. ತೀರ್ಪು ದೊನಾತಿಸ್ತರಿಗೆ ವಿರೋಧವಾಯಿತು. ೪೧೨ರ ಆಜ್ಞೆಯಿಂದ ಅವರ ದೇವಾಲಯಗಳು ಕಿತ್ತುಕೊಳ್ಳಲ್ಪಟ್ಟವು, ಬೋಧಕರು ಗಡೀಪಾರಾದರು, ಜನರಿಗೆ ಅಂತಸ್ತಿಗೆ ತಕ್ಕಂತೆ ದಂಡವು ವಿಧಿಸಲ್ಪಟ್ಟಿತು. ದಂಡ ತೆರಲಾರದ ಬಡ ಒಕ್ಕಲುಮಕ್ಕಳಿಗೆ ಪೆಟ್ಟುಗಳು ನೇಮಕವಾದವು. ಕಳೆಯನ್ನು ಕೀಳಬಾರದೆಂದು ಬೋಧಿಸಿದವನ ಪಕ್ಷಕ್ಕೆ ಈಗ ಅರಸನ ಕೈಯೇ ಗುದ್ದಲಿಯಾಯಿತು.

ಆದಾಗ್ಯೂ ಅದೇ ಮನುಷ್ಯನಲ್ಲಿ ಕರುಣೆಯು ಸಾಯಲಿಲ್ಲ. ತನ್ನ ಸಭೆಯ ಒಬ್ಬ ಬೋಧಕನನ್ನು ಕೊಂದು ಇನ್ನೊಬ್ಬನನ್ನು ಅಂಗಹೀನನನ್ನಾಗಿ ಮಾಡಿದ ದೊನಾತಿಸ್ತರು ತಪ್ಪೊಪ್ಪಿಕೊಂಡಾಗ, ಅವರಿಗೆ ಮರಣವನ್ನಾಗಲಿ ಅಂಗಚ್ಛೇದವನ್ನಾಗಲಿ ವಿಧಿಸಬಾರದೆಂದು ಮಾರ್ಕೆಲ್ಲಿನನಿಗೆ ಬರೆದು ಬೇಡಿಕೊಂಡನು. ೪೧೦ರಲ್ಲಿ ರೋಮ್ ಪಟ್ಟಣವು ಗೊತ್ತರಿಗೆ ಸೂರೆಯಾದ ತರುವಾಯ ಜನರ ಭಯವನ್ನು ನೀಗಿಸಲು ದೇವರ ಪಟ್ಟಣ ಎಂಬ ೨೨ ಭಾಗಗಳ ಗ್ರಂಥವನ್ನು ೪೧೩ರಿಂದ ೪೨೬ರ ವರೆಗೆ ಬರೆದನು. ದೇವರನ್ನು ಪ್ರೀತಿಸುವವರ ಪಟ್ಟಣವೂ ತಮ್ಮನ್ನೇ ಪ್ರೀತಿಸುವವರ ಪಟ್ಟಣವೂ ಕೊನೆಯ ತೀರ್ಪಿನ ವರೆಗೆ ಬೆರೆತಿರುವವೆಂದು ಅದರಲ್ಲಿ ಮತ್ತೆ ಬೋಧಿಸಿದನು. ವೃದ್ಧಾಪ್ಯದಲ್ಲಿ ತನ್ನ ಗ್ರಂಥಗಳನ್ನು ಒಂದೊಂದಾಗಿ ಪರೀಕ್ಷಿಸಿ ತಪ್ಪುಗಳನ್ನು ತಾನೇ ಎತ್ತಿತೋರಿಸಿದನು. ಇಂಥ ದೀನತೆಯು ಪಂಡಿತರಲ್ಲಿ ಅಪರೂಪ. ಆದರೂ ಬಲಾತ್ಕಾರದ ವಿಷಯಕ್ಕೆ ಬಂದಾಗ, ಮೊದಲಿನ ಸೌಮ್ಯವಾದ ಅಭಿಪ್ರಾಯವನ್ನೇ ತನ್ನ ಅನುಭವದ ಕೊರತೆಯೆಂದು ಎಣಿಸಿದನು. ತನ್ನ ಹೊಲವನ್ನೆಲ್ಲಾ ಸೋಸಿನೋಡಿದವನ ಕಣ್ಣಿಗೂ ಆ ಒಂದು ಹಣಜಿಯು ಗೋದಿಯಾಗಿಯೇ ಕಂಡಿತು.

೪೩೦ರಲ್ಲಿ ವಂದಾಲರೆಂಬ ಜನಾಂಗವು ಹಿಪ್ಪೋ ಪಟ್ಟಣವನ್ನು ಮುತ್ತಿತು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಅಗಸ್ತೀನನು ಜ್ವರದಿಂದ ಮಲಗಿದನು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಹಾಸಿಗೆಯ ಎದುರಿನ ಗೋಡೆಗೆ ಹಚ್ಚಿಸಿ, ಅವುಗಳನ್ನು ಓದುತ್ತಾ ಅಳುತ್ತಾ, ಯಾರೂ ಒಳಗೆ ಬಾರದಂತೆ ಕೇಳಿಕೊಂಡು ಕೊನೆಯ ದಿನಗಳನ್ನು ಪ್ರಾರ್ಥನೆಯಲ್ಲಿ ಕಳೆದನು. ಆಗಸ್ಟ್ ೨೮ರಂದು ೭೫ ವರುಷ ಪ್ರಾಯದವನಾಗಿ ತೀರಿಕೊಂಡನು. ಮರಣಶಾಸನವನ್ನು ಬರೆಯಲಿಲ್ಲ, ಯಾಕಂದರೆ ಬಿಟ್ಟುಹೋಗುವದಕ್ಕೆ ಸ್ವಂತ ಆಸ್ತಿಯೇನೂ ಅವನಿಗಿರಲಿಲ್ಲ. ಅವನ ಸ್ನೇಹಿತನಾದ ಪೊಸ್ಸಿದಿಯನು ಈ ಸಂಗತಿಗಳನ್ನೆಲ್ಲಾ ಬರೆದಿಟ್ಟಿದ್ದಾನೆ.

ಅವನು ಬಿತ್ತಿದ್ದು ಅವನ ತರುವಾಯವೂ ಬೆಳೆಯಿತು. ೧೫೦೫ರಲ್ಲಿ ಅಗಸ್ತೀನನ ಹೆಸರಿನ ಸನ್ಯಾಸಿಮಠವನ್ನು ಸೇರಿದ ಮಾರ್ಟಿನ್ ಲೂಥರನು ದೇವರ ಕೃಪೆಯ ವಿಷಯದಲ್ಲಿ ಅವನ ಗ್ರಂಥಗಳಿಂದ ಬಹಳವಾಗಿ ಕಲಿತನು. ಆ ಗೋದಿಯ ರೊಟ್ಟಿಯನ್ನು ನಾವೂ ತಿನ್ನುತ್ತೇವೆ. ಆದರೆ ೧೬೮೫ರಲ್ಲಿ ಫ್ರಾನ್ಸಿನ ಅರಸನಾದ ಹದಿನಾಲ್ಕನೆಯ ಲೂಯಿಯು ಪ್ರೊಟೆಸ್ಟಂಟರ ಹಕ್ಕುಗಳನ್ನು ಅಳಿಸಿದಾಗ, ಆ ಬಲಾತ್ಕಾರವು ನ್ಯಾಯವೆಂದು ತೋರಿಸಲು ಅಗಸ್ತೀನನ ಪತ್ರಗಳನ್ನೇ ಎದುರಿಗೆ ತಂದರು. ಹಾಗೆಂದು ನಮ್ಮ ಪಕ್ಷದವರು ನಿರ್ದೋಷಿಗಳೆಂದು ಹೇಳಲಾಗದು. ೧೫೫೩ರಲ್ಲಿ ಜಿನೇವದಲ್ಲಿ ಸೆರ್ವೇತನೆಂಬವನು ದುರ್ಬೋಧಕನೆಂದು ಸುಡಲ್ಪಟ್ಟದ್ದು ಪ್ರೊಟೆಸ್ಟಂಟರ ಕೈಯಿಂದಲೇ.

ಪ್ರಿಯ ವಾಚಕರೇ, ಈ ಚರಿತ್ರೆಯಿಂದ ನಾವು ಕಲಿಯುವದೇನು? ನಮ್ಮ ಗ್ರಾಮಸಭೆಗಳಲ್ಲಿ ಕುಡುಕನಿರಬಹುದು, ಚಾಡಿ ಹೇಳುವವಳಿರಬಹುದು, ಹಬ್ಬಕ್ಕೆ ಮಾತ್ರ ದೇವಾಲಯಕ್ಕೆ ಬರುವವರಿರಬಹುದು. ಅಂಥವರನ್ನು ಬುದ್ಧಿಹೇಳದೆ ಬಿಡುವದು ಯಜಮಾನನ ಅಪ್ಪಣೆಯಲ್ಲ. ಹಿರಿಯರು ಪ್ರೀತಿಯಿಂದ ತಿದ್ದಲಿ. ಆದರೆ ಒಬ್ಬನನ್ನು ಇನ್ನು ಆಶೆಯಿಲ್ಲದವನೆಂದು ತೀರ್ಮಾನಿಸಿ ಬೆಂಕಿನೀರನ್ನು ನಿಲ್ಲಿಸುವಾಗ, ಅವನ ಬೇರಿನೊಡನೆ ಹೆಣೆದುಕೊಂಡಿರುವ ಹೆಂಡತಿಮಕ್ಕಳ ಬೇರೂ ಕಿತ್ತುಬರುವದೆಂದು ನೆನಸೋಣ. ತಗಾಸ್ತೆಯ ಆ ದಾರಿತಪ್ಪಿದ ಯೌವನಸ್ಥನನ್ನು ಯಾರಾದರೂ ಸುಗ್ಗಿಗೆ ಮುಂಚೆ ಕಿತ್ತುಹಾಕಿದ್ದರೆ ಸಭೆಗೆ ಅಗಸ್ತೀನನು ಸಿಕ್ಕುತ್ತಿದ್ದನೇ?

ಮತ್ತೊಂದು ಪಾಠವು ಇದಕ್ಕಿಂತ ಕಠಿಣವಾದದ್ದು. ಹಣಜಿಯು ಪಾಳುಬಿದ್ದ ನೆಲದಲ್ಲಿ ಬೆಳೆಯಲಿಲ್ಲ, ಚೆನ್ನಾಗಿ ಉತ್ತ ಹೊಲದಲ್ಲಿಯೇ ಬೆಳೆಯಿತು. ಸಭೆಯ ಐಕ್ಯಕ್ಕಾಗಿ ಹಂಬಲಿಸಿದ ಹೃದಯದಲ್ಲಿಯೇ, ಆ ಹಂಬಲದ ಬೇರಿಗೆ ಸುತ್ತಿಕೊಂಡೇ, ಬಲಾತ್ಕಾರವು ಮೊಳೆಯಿತು. ಆದದರಿಂದ ನಮ್ಮ ಪಾಪಗಳನ್ನು ಮಾತ್ರವಲ್ಲ, ನಾವು ಮೆಚ್ಚಿಕೊಳ್ಳುವ ನಮ್ಮ ಸತ್ಕಾರ್ಯಗಳನ್ನೂ ಆಸಕ್ತಿಯನ್ನೂ ಕರ್ತನ ಬೆಳಕಿನ ಮುಂದೆ ಹಿಡಿಯೋಣ. ಸುಗ್ಗಿಯು ಆತನದು, ಕುಡುಗೋಲು ಆತನ ದೂತರದು. ಅದು ವರೆಗೆ ನಮಗೆ ಕೊಟ್ಟಿರುವ ಕೆಲಸವು ನೀರು ಹಾಯಿಸುವದು, ಕಾಯುವದು, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವದು. ಆ ಕೆಲಸದಲ್ಲಿ ನಮ್ಮ ಸಭೆಗಳು ನಂಬಿಗಸ್ತಿಕೆಯಿಂದ ಕಂಡುಬರುವ ಹಾಗೆ ದೇವರು ಕೃಪೆಮಾಡಲಿ.